ಕೂತದ್ದೆಲ್ಲ ದುಡಿಮೆಯಲ್ಲ

ಸ್ತನ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಕೈಗೆ ಬರುವ ಪ್ಯಾಥಾಲಜಿ ರಿಪೋರ್ಟಿನ ಕೊನೆಯಲ್ಲಿ ಎರಡು ಚಿಕ್ಕ ಸಾಲುಗಳಿರುತ್ತವೆ: ಇ.ಆರ್. ಇಷ್ಟು ಶೇಕಡಾ, ಪಿ.ಆರ್. ಇಷ್ಟು ಶೇಕಡಾ. ಜಯನಗರದ ಮಗ್ಗುಲಲ್ಲಿ, ಹೊಸೂರು ರಸ್ತೆಯ ಮೇಲೆ 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಾಗಲಿ, ಬನಶಂಕರಿ, ಜೆ.ಪಿ. ನಗರದ ಖಾಸಗಿ ಆಸ್ಪತ್ರೆಗಳಲ್ಲಾಗಲಿ, ಮುಂದಿನ ಐದು–ಹತ್ತು ವರ್ಷ ಮಾತ್ರೆ ನುಂಗಬೇಕೇ ಬೇಡವೇ ಎಂಬ ತೀರ್ಮಾನ ನಿಲ್ಲುವುದು ಈ ಸಾಲುಗಳ ಮೇಲೆ. ಬೆಂಗಳೂರಿನ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ ಆಗಿರುವುದರಿಂದ ಈ ಎರಡು ಸಾಲುಗಳನ್ನು ಓದಬೇಕಾಗಿ ಬಂದ ಮನೆಗಳು ಈ ಊರಿನಲ್ಲಿ ಕಡಿಮೆಯಿಲ್ಲ. ಆದರೆ ಆ ಎರಡೂ ಅಂಕಿಗಳು ಒಂದೇ ಬಗೆಯ ಮಾಹಿತಿಯಲ್ಲ ಎಂಬುದನ್ನು ಹೇಳುವವರು ಅಪರೂಪ. ಒಂದು ಪ್ರೋಟೀನು ಜೀವಕೋಶದಲ್ಲಿ ಇದೆ ಎನ್ನುವುದು ಒಂದು ಸಂಗತಿ, ಅದು ಡಿಎನ್‌ಎ ಮೇಲೆ ಕೂತಿದೆ ಎನ್ನುವುದು ಎರಡನೆಯದು, ಕೂತಲ್ಲಿ ದುಡಿಯುತ್ತಿದೆ ಎನ್ನುವುದು ಮೂರನೆಯದು. ಕಳೆದ ಇಪ್ಪತ್ತು ವರ್ಷಗಳಲ್ಲಿ ಜೀನೋಮ್ ವಿಜ್ಞಾನ ಕೊಟ್ಟ ಭರವಸೆಗಳಲ್ಲಿ ಅನೇಕವು ಎಡವಿರುವುದು ಈ ಮೂರನ್ನೂ ಒಂದೇ ಎಂದು ಎಣಿಸಿದ್ದರಿಂದ. ಅವನ್ನು ಬೇರ್ಪಡಿಸಿ ನೋಡಿದ ಕಡೆಯಲ್ಲೆಲ್ಲ ರೋಗಿಗೆ ಲಾಭವಾಗಿದೆ.

ಇ.ಆರ್. ಎಂದರೆ ಈಸ್ಟ್ರೋಜೆನ್ ರಿಸೆಪ್ಟರ್. 1950ರ ದಶಕದ ಕೊನೆಯಲ್ಲಿ ಷಿಕಾಗೊದ ಎಲ್ವುಡ್ ಜೆನ್ಸನ್ ಅವರ ಪ್ರಯೋಗಗಳಿಂದ ಇಂಥದೊಂದು ವಸ್ತು ಇದೆಯೆಂದು ತಿಳಿಯಿತು. 1980ರ ದಶಕದ ನಡುವೆ ಅದರ ಜೀನ್ ಕೈಗೆ ಸಿಕ್ಕಾಗ ಅದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು ಎಂಬುದು ಸ್ಪಷ್ಟವಾಯಿತು. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ, ಅದೇ ಸುಮಾರು 20,000 ಪ್ರೋಟೀನ್ ಜೀನ್‌ಗಳು. ಕಣ್ಣಿನ ಕೋಶ ಕಣ್ಣಾಗಿ, ಯಕೃತ್ತಿನ ಕೋಶ ಯಕೃತ್ತಾಗಿ ಇರುವುದು ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ ನಕಲು ತೆಗೆಯಬೇಕು ಎಂಬ ನಿರ್ಧಾರದಿಂದ. ಆ ನಿರ್ಧಾರದಲ್ಲಿ ಕೈಯಿರುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಇಲ್ಲಿ ಅವನ್ನು ನಿಯಂತ್ರಕ ಪ್ರೋಟೀನ್ ಎಂದೇ ಕರೆಯೋಣ. ಮನುಷ್ಯರಲ್ಲಿ ಇವು ಸುಮಾರು 1,600. ಇಂಥ ನಿಯಂತ್ರಣದ ಮೊದಲ ಚಿತ್ರವನ್ನು 1961ರಲ್ಲಿ ಕೊಟ್ಟವರು ಪ್ಯಾರಿಸ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. ಬ್ಯಾಕ್ಟೀರಿಯಾದಲ್ಲಿ ಅವರು ಕಂಡದ್ದು ಸರಳವಾಗಿತ್ತು: ಜೀನಿನ ಎದುರಿಗೆ ಪ್ರೋಟೀನು ಕೂತರೆ ಕೆಲಸ ನಿಲ್ಲುತ್ತದೆ, ಎದ್ದರೆ ಶುರುವಾಗುತ್ತದೆ. ಅಲ್ಲಿ ಕೂರುವುದಕ್ಕೂ ಕೆಲಸಕ್ಕೂ ನಡುವೆ ಅಂತರವೇ ಇರಲಿಲ್ಲ. ಆ ಸೊಗಸಾದ ಚಿತ್ರವನ್ನೇ ಮನುಷ್ಯನ ಜೀನೋಮಿಗೂ ಹೊಂದಿಸಿದ್ದರಿಂದ ಗೊಂದಲ ಹುಟ್ಟಿತು.

ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳದು, ಮತ್ತು ನಿಯಂತ್ರಕ ಪ್ರೋಟೀನ್‌ಗಳು ಗುರುತು ಹಿಡಿಯುವ ಪದಗಳು ತೀರ ಚಿಕ್ಕವು. ಈಸ್ಟ್ರೋಜೆನ್ ರಿಸೆಪ್ಟರ್ ಜೋಡಿಯಾಗಿ ಬಂದು ಕೂರುತ್ತದೆ. ಜೋಡಿಯ ಒಂದೊಂದೂ ಜಿ-ಜಿ-ಟಿ-ಸಿ-ಎ ಎಂಬ ಐದು ಅಕ್ಷರಗಳನ್ನು ಹುಡುಕುತ್ತದೆ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಐದಕ್ಷರದ ಪದವೊಂದು ಬರೀ ಆಕಸ್ಮಿಕವಾಗಿ ಸರಾಸರಿ 1,024 ಅಕ್ಷರಗಳಿಗೊಮ್ಮೆ ಬರುತ್ತದೆ. 300 ಕೋಟಿಯಲ್ಲಿ ಅದು ಒಂದು ಎಳೆಯ ಲೆಕ್ಕದಲ್ಲೇ 29 ಲಕ್ಷ ಸಲವಾಯಿತು. ಇಷ್ಟೆಲ್ಲ ಜಾಗಗಳಲ್ಲಿ ರಿಸೆಪ್ಟರ್ ಕೂರುವುದಿಲ್ಲ. ಡಿಎನ್‌ಎ ಬಹುಪಾಲು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಸುತ್ತಿನೊಳಗೆ ಹೂತ ಪದ ಎಟಕುವುದಿಲ್ಲ. ಮೊದಲು ಆ ಬಿಗಿ ಸಡಿಲಿಸುವ ಬೇರೆ ಪ್ರೋಟೀನು ಬೇಕು. ಸ್ತನದ ಕೋಶಗಳಲ್ಲಿ ಈ ಕೆಲಸ ಮಾಡುವುದು ಫಾಕ್ಸ್‌ಎ1. ಅದನ್ನು ತೆಗೆದರೆ ಈಸ್ಟ್ರೋಜೆನ್ ರಿಸೆಪ್ಟರ್ ಕೂರಲು ಹೆಚ್ಚುಕಡಿಮೆ ಜಾಗವೇ ಉಳಿಯುವುದಿಲ್ಲ ಎಂದು 2011ರಲ್ಲಿ ಕೇಂಬ್ರಿಜ್‌ನ ತಂಡವೊಂದು ತೋರಿಸಿತು. ಅಂದರೆ ಪದ ಇದ್ದರೆ ಸಾಲದು, ದಾರಿ ತೆರೆದಿರಬೇಕು. ದಾರಿ ಯಾವ ಕೋಶದಲ್ಲಿ ಎಲ್ಲಿ ತೆರೆದಿದೆ ಎಂಬುದು ಡಿಎನ್‌ಎ ಅಕ್ಷರಗಳನ್ನಷ್ಟೇ ಓದಿದರೆ ತಿಳಿಯದು.

ಹಾಗಾದರೆ ನಿಜವಾಗಿ ಎಲ್ಲಿ ಕೂತಿದೆ ಎಂದು ತಿಳಿಯುವುದು ಹೇಗೆ? ಜೀವಂತ ಕೋಶದಲ್ಲಿ ಪ್ರೋಟೀನನ್ನು ಡಿಎನ್‌ಎಗೆ ರಾಸಾಯನಿಕವಾಗಿ ಅಂಟಿಸಿ, ಡಿಎನ್‌ಎಯನ್ನು ತುಂಡರಿಸಿ, ಬೇಕಾದ ಪ್ರೋಟೀನ್ ಅಂಟಿದ ತುಂಡುಗಳನ್ನು ಮಾತ್ರ ಆ್ಯಂಟಿಬಾಡಿಯಿಂದ ಎಳೆದುಕೊಂಡು ಓದುವ ವಿಧಾನ ಈ ಶತಮಾನದ ಮೊದಲ ದಶಕದಲ್ಲಿ ಹದಕ್ಕೆ ಬಂತು. 2006ರಲ್ಲಿ ಈ ಬಗೆಯ ಅಧ್ಯಯನ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್ ಕೂತ 3,665 ಜಾಗಗಳನ್ನು ಗುರುತಿಸಿತು. ಅವುಗಳಲ್ಲಿ ಜೀನಿನ ಆರಂಭದ ಬಳಿ ಇದ್ದವು ಶೇ 4 ಮಾತ್ರ. ಉಳಿದವೆಲ್ಲ ದೂರದಲ್ಲಿ, ಕೆಲವು ಲಕ್ಷ ಅಕ್ಷರಗಳಾಚೆ ಕೂಡ ಇದ್ದವು. ಮರುವರ್ಷವೇ ಹೊಸ ಸಿಕ್ವೆನ್ಸಿಂಗ್ ಯಂತ್ರಗಳು ಈ ವಿಧಾನಕ್ಕೆ ಸೇರಿ, ಜಾಗಗಳ ಪಟ್ಟಿ ಬೇಗನೇ ಹತ್ತು ಸಾವಿರ ದಾಟಿತು. 2012ರ ಸೆಪ್ಟೆಂಬರಿನಲ್ಲಿ ಎನ್‌ಕೋಡ್ ಎಂಬ ಅಂತರರಾಷ್ಟ್ರೀಯ ಯೋಜನೆ, ಇಂಥ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ, ಜೀನೋಮಿನ ಶೇ 80 ಭಾಗಕ್ಕೆ ಏನಾದರೊಂದು ಜೀವರಾಸಾಯನಿಕ ಕಾರ್ಯವಿದೆ ಎಂದು ಘೋಷಿಸಿತು. ಪತ್ರಿಕೆಗಳು ಅದನ್ನು ಸಂಭ್ರಮದಿಂದ ಅಚ್ಚುಮಾಡಿದವು. ಬನಶಂಕರಿ ಬಸ್ ನಿಲ್ದಾಣದ ಹೊರಗೆ ಸಾಲಾಗಿ ನಿಂತ ಆಟೋಗಳನ್ನೆಲ್ಲ ಎಣಿಸಿ, ಇಷ್ಟೂ ಜನ ಚಾಲಕರು ನೀವು ಹೇಳಿದ ಕಡೆಗೆ ಬರುತ್ತಾರೆ ಎಂದು ನಂಬಿದ ಹಾಗಿತ್ತು ಆ ಲೆಕ್ಕ. ವಿಕಾಸವಾದದ ವಿದ್ವಾಂಸರು ಮರುವರ್ಷವೇ ಖಾರವಾಗಿ ಉತ್ತರಿಸಿದರು: ಒಂದು ಪ್ರೋಟೀನು ಡಿಎನ್‌ಎಯನ್ನು ಮುಟ್ಟಿದ್ದೇ ಕಾರ್ಯವಾದರೆ, ಕಾರ್ಯವಲ್ಲದ್ದು ಏನು ಉಳಿಯಿತು?

ಈ ಜಗಳವನ್ನು ವಾದದಿಂದ ಬಗೆಹರಿಸುವುದು ಕಷ್ಟ, ಪ್ರಯೋಗದಿಂದ ಸಾಧ್ಯ. ನಿಯಂತ್ರಕ ಪ್ರೋಟೀನನ್ನು ಕೋಶದಿಂದ ಕಡಿಮೆ ಮಾಡಿ, ಅದು ಕೂತಿದ್ದ ಜೀನ್‌ಗಳ ನಕಲು ಏರಿತೋ ಇಳಿಯಿತೋ ನೋಡಿದರಾಯಿತು. ಷಿಕಾಗೊ ವಿಶ್ವವಿದ್ಯಾಲಯದ ತಂಡವೊಂದು ಮನುಷ್ಯರ ರಕ್ತಕೋಶಗಳಿಂದ ಬೆಳೆಸಿದ ಒಂದು ಕೋಶಸಾಲಿನಲ್ಲಿ 59 ನಿಯಂತ್ರಕಗಳನ್ನು ಒಂದೊಂದಾಗಿ ತಗ್ಗಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ರೋಟೀನು ಕೂತಿದ್ದ ಜೀನ್‌ಗಳಲ್ಲಿ ಬಹುಪಾಲು ಅಳೆಯಬಹುದಾದ ಯಾವ ಬದಲಾವಣೆಯನ್ನೂ ತೋರಲಿಲ್ಲ. ಬದಲಾದ ಅನೇಕ ಜೀನ್‌ಗಳ ಬಳಿ ಆ ಪ್ರೋಟೀನು ಕೂತೇ ಇರಲಿಲ್ಲ, ಬದಲಾವಣೆ ಬೇರೆ ಜೀನ್‌ಗಳ ಮೂಲಕ ಬಳಸಿ ಬಂದದ್ದು. ಯೀಸ್ಟಿನಂಥ ಸರಳ ಜೀವಿಯಲ್ಲೂ ಕೂತ ಪಟ್ಟಿ ಮತ್ತು ಬದಲಾದ ಪಟ್ಟಿ ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು. ಜೀನೋಮಿನ ನಕ್ಷೆಯಲ್ಲಿ ಕಾಣುವ ಒಂದು ಗುರುತು ಕೆಲಸದ ಸಾಧ್ಯತೆಯನ್ನು ಹೇಳುತ್ತದೆ. ಕೆಲಸವಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕು.

ಕೂತಲ್ಲೇ ಕೂತು ತದ್ವಿರುದ್ಧ ಕೆಲಸ ಮಾಡುವುದೂ ಉಂಟು ಎಂಬುದಕ್ಕೆ ಟಾಮಾಕ್ಸಿಫೆನ್ ಮಾತ್ರೆಗಿಂತ ಒಳ್ಳೆಯ ಉದಾಹರಣೆ ಸಿಗದು. 1960ರ ದಶಕದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಗರ್ಭನಿರೋಧಕವನ್ನು ಹುಡುಕುತ್ತಾ ತಯಾರಿಸಿದ ಈ ರಾಸಾಯನಿಕ 1977ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ ಔಷಧಿಯಾಗಿ ಮಾನ್ಯವಾಯಿತು. ಇದು ಈಸ್ಟ್ರೋಜೆನ್ ಸೇರಬೇಕಾದ ಗುಳಿಗೇ ಸೇರುತ್ತದೆ. ರಿಸೆಪ್ಟರನ್ನು ಡಿಎನ್‌ಎಯಿಂದ ಎಬ್ಬಿಸಿ ಓಡಿಸುವುದರಿಂದ ಈ ಮಾತ್ರೆ ಗುಣ ಮಾಡುತ್ತದೆ ಎಂದು ಯಾರಾದರೂ ಊಹಿಸಬಹುದು. ಹಾಗಾಗುವುದಿಲ್ಲ. ಟಾಮಾಕ್ಸಿಫೆನ್ ಹಿಡಿದ ರಿಸೆಪ್ಟರ್ ಕೂಡ ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ. ಆದರೆ ಅದರ ತುದಿಯ ಒಂದು ಮಡಿಕೆ ಬೇರೆ ಕಡೆಗೆ ವಾಲಿ, ನಕಲು ತೆಗೆಯಲು ನೆರವಾಗುವ ಪ್ರೋಟೀನ್‌ಗಳು ಬಂದು ಸೇರಬೇಕಾದ ಸಂದನ್ನು ಮುಚ್ಚಿಬಿಡುತ್ತದೆ. ಅವುಗಳ ಬದಲು ನಕಲನ್ನು ತಡೆಯುವ ಪ್ರೋಟೀನ್‌ಗಳು ಬರುತ್ತವೆ. ಇನ್ನೂ ವಿಚಿತ್ರವೆಂದರೆ ಗರ್ಭಕೋಶದ ಒಳಪದರದಲ್ಲಿ ಇದೇ ಮಾತ್ರೆ, ಇದೇ ರಿಸೆಪ್ಟರ್ ಸೇರಿ ಈಸ್ಟ್ರೋಜೆನ್ನಿನ ಹಾಗೆಯೇ ವರ್ತಿಸುತ್ತವೆ. ಆ ಕೋಶಗಳಲ್ಲಿ ಸಿಗುವ ಸಹಾಯಕ ಪ್ರೋಟೀನ್‌ಗಳ ಪ್ರಮಾಣ ಬೇರೆ. ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಅಸಹಜ ರಕ್ತಸ್ರಾವ ಕಂಡರೆ ತಕ್ಷಣ ಹೇಳಿ ಎಂದು ವೈದ್ಯರು ಎಚ್ಚರಿಸುವುದು ಇದಕ್ಕಾಗಿ. ಪ್ರೋಟೀನು ಕೂತಿದೆಯೇ ಎಂದಷ್ಟೇ ಕೇಳಿದ್ದರೆ ಸ್ತನದಲ್ಲೂ ಗರ್ಭಕೋಶದಲ್ಲೂ ಉತ್ತರ ಹೌದು ಎಂದೇ ಬರುತ್ತಿತ್ತು, ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ.

ರಿಪೋರ್ಟಿನ ಎರಡನೆಯ ಸಾಲಿನ ಅರ್ಥ ಈಗ ತೆರೆದುಕೊಳ್ಳುತ್ತದೆ. 1970ರ ದಶಕದಲ್ಲೇ ವೈದ್ಯರಿಗೆ ಒಂದು ಸಂಗತಿ ಕಾಡುತ್ತಿತ್ತು: ರಿಸೆಪ್ಟರ್ ಇರುವ ಗಡ್ಡೆಗಳಲ್ಲೂ ಅನೇಕವು ಹಾರ್ಮೋನ್ ಚಿಕಿತ್ಸೆಗೆ ಜಗ್ಗುತ್ತಿರಲಿಲ್ಲ. 1975ರಲ್ಲಿ ಅಮೆರಿಕದ ಕ್ಯಾತ್ರಿನ್ ಹಾರ್ವಿಟ್ಜ್, ವಿಲಿಯಂ ಮೆಗ್ವೈರ್ ಮತ್ತು ಸಂಗಡಿಗರು ಒಂದು ಊಹೆಯನ್ನು ಮುಂದಿಟ್ಟರು. ಪ್ರೊಜೆಸ್ಟರಾನ್ ರಿಸೆಪ್ಟರ್, ಅಂದರೆ ಪಿ.ಆರ್., ತಯಾರಾಗುವುದೇ ಈಸ್ಟ್ರೋಜೆನ್ ರಿಸೆಪ್ಟರಿನ ಅಪ್ಪಣೆಯಿಂದ. ಹಾಗಿದ್ದ ಮೇಲೆ ಗಡ್ಡೆಯಲ್ಲಿ ಪಿ.ಆರ್. ಕಂಡಿತೆಂದರೆ ಇ.ಆರ್. ಸುಮ್ಮನೆ ಇದ್ದುಕೊಂಡಿಲ್ಲ, ದುಡಿಯುತ್ತಿದೆ ಎಂದರ್ಥ. ಎರಡೂ ಇರುವ ಗಡ್ಡೆಗಳು ಚಿಕಿತ್ಸೆಗೆ ಹೆಚ್ಚು ಒಲಿಯಬೇಕು. ಮುಂದಿನ ವರ್ಷಗಳ ಅನುಭವ ಈ ಊಹೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೀನೋಮಿನ ಅನುಕ್ರಮ ಓದುವುದು ಕನಸಾಗಿದ್ದ ಕಾಲದಲ್ಲಿ, ಇರುವುದಕ್ಕೂ ದುಡಿಯುವುದಕ್ಕೂ ನಡುವಿನ ವ್ಯತ್ಯಾಸವನ್ನು ಈ ಸಂಶೋಧಕರು ಒಂದು ಸರಳ ಪರೀಕ್ಷೆಯಾಗಿ ಮಾಡಿಕೊಟ್ಟರು. ಇವತ್ತು ಜಯನಗರದ ಯಾವ ಲ್ಯಾಬಿನ ರಿಪೋರ್ಟಿನಲ್ಲೂ ಪಿ.ಆರ್. ಎಂಬ ಸಾಲು ಕಂಡರೆ ಅದರ ಹಿಂದಿರುವುದು ಈ ತರ್ಕ.

ಈ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದ ಕೆಲಸ ನಮ್ಮ ಊರಿನಲ್ಲೇ ನಡೆದಿದೆ. ಬಿಟಿಎಂ ಲೇಔಟಿನಿಂದ ಹೊಸೂರು ರಸ್ತೆ ದಾಟಿದರೆ ಸಿಗುವ ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜ್ಯೋತಿ ಪ್ರಭು ಮತ್ತು ಸಂಗಡಿಗರು ಕೇಳಿದ್ದು, ಗಡಿಯಲ್ಲಿರುವ ಗಡ್ಡೆಗಳ ಗತಿ ಏನು ಎಂದು. 2010ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ನೂರರಲ್ಲಿ ಒಂದು ಕೋಶ ರಿಸೆಪ್ಟರನ್ನು ತೋರಿಸುವ ಬಣ್ಣ ಹಿಡಿದರೂ ಆ ಗಡ್ಡೆ ಇ.ಆರ್. ಪಾಸಿಟಿವ್. ಶೇ 1ರ ಗಡ್ಡೆಗೂ ಶೇ 95ರ ಗಡ್ಡೆಗೂ ಒಂದೇ ಹೆಸರು. ಸೇಂಟ್ ಜಾನ್ಸ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದ ತೀರ್ಮಾನ ನೇರವಾಗಿತ್ತು: ಶೇ 1ರಿಂದ 10ರಷ್ಟು ಮಾತ್ರ ಬಣ್ಣ ಹಿಡಿದ ಗಡ್ಡೆಗಳಲ್ಲಿ ಹೆಚ್ಚಿನವು ರಿಸೆಪ್ಟರ್ ಇಲ್ಲದ ಗಡ್ಡೆಗಳ ಹಾಗೆಯೇ ವರ್ತಿಸುತ್ತವೆ. ಹೊರದೇಶಗಳ ಬೇರೆ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿದವು. 2020ರಲ್ಲಿ ಪರಿಷ್ಕೃತವಾದ ಅದೇ ಅಮೆರಿಕದ ಮಾರ್ಗಸೂಚಿ ಈ ಗುಂಪನ್ನು ಪ್ರತ್ಯೇಕಿಸಿ ‘ಲೋ ಪಾಸಿಟಿವ್’ ಎಂದು ಬರೆಯಬೇಕೆಂದೂ, ಇವರಲ್ಲಿ ಹಾರ್ಮೋನ್ ಮಾತ್ರೆಯ ಲಾಭಕ್ಕೆ ಪುರಾವೆ ಕಡಿಮೆ ಎಂದು ತಿಳಿಸಬೇಕೆಂದೂ ಹೇಳಿತು. ಪಾಸಿಟಿವ್ ಎಂಬ ಒಂದೇ ಪದದ ಕೆಳಗೆ ದುಡಿಯುವ ರಿಸೆಪ್ಟರ್ ಮತ್ತು ನೆಪಮಾತ್ರದ ರಿಸೆಪ್ಟರ್ ಎರಡೂ ಅಡಗಿದ್ದವು ಎಂಬುದನ್ನು ಮಾರ್ಗಸೂಚಿ ಒಪ್ಪಿಕೊಂಡಂತಾಯಿತು.

ಇಲ್ಲಿ ಏಳಬಹುದಾದ ಮೊದಲ ಆಕ್ಷೇಪ: ಪ್ರೋಟೀನು ಕೂತದ್ದಕ್ಕಿಂತ ದುಡಿದದ್ದೇ ಮುಖ್ಯವಾದರೆ, ಇದೆಯೋ ಇಲ್ಲವೋ ಎಂಬ ಪರೀಕ್ಷೆಯನ್ನೇ ಕೈಬಿಡಬಹುದಲ್ಲ? ಬಿಡುವಂತಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇ.ಆರ್. ಪಾಸಿಟಿವ್ ಇದ್ದವರಲ್ಲಿ ಐದು ವರ್ಷದ ಟಾಮಾಕ್ಸಿಫೆನ್ ಸ್ತನ ಕ್ಯಾನ್ಸರಿನ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ. ರಿಸೆಪ್ಟರ್ ಇಲ್ಲದವರಲ್ಲಿ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲದ ಪ್ರೋಟೀನು ದುಡಿಯಲಾರದು ಎಂಬುದು ಖಚಿತ, ಆದ್ದರಿಂದ ಇಲ್ಲ ಎಂಬ ಉತ್ತರಕ್ಕೆ ತೂಕ ಹೆಚ್ಚು. ಇದೆ ಎಂಬ ಉತ್ತರ ಮಾತ್ರ ಮುಂದಿನ ಪ್ರಶ್ನೆಗೆ ಎಡೆಮಾಡಿಕೊಡಬೇಕು. ಪಿ.ಆರ್. ಕೂಡ ಪರಿಪೂರ್ಣ ಸಾಕ್ಷಿಯಲ್ಲ. ಅದೂ ಒಂದು ನಿಯಂತ್ರಕ ಪ್ರೋಟೀನು, ಪ್ರೊಜೆಸ್ಟರಾನ್ ಸಿಕ್ಕಾಗ ಅದು ಇ.ಆರ್. ಜೀನೋಮಿನಲ್ಲಿ ಕೂರುವ ಜಾಗಗಳನ್ನೇ ಬದಲಿಸುತ್ತದೆ ಎಂದು 2015ರಲ್ಲಿ ತಿಳಿದುಬಂತು. ಇ.ಆರ್. ದುಡಿಮೆಗೆ ಸಾಕ್ಷಿ ಹೇಳಬೇಕಾದದ್ದು ಆ ದುಡಿಮೆಯನ್ನೇ ತಿದ್ದುತ್ತದೆ ಎಂದಾಯಿತು. ಇದರಿಂದ ವಾದ ಸಡಿಲವಾಗುವುದಿಲ್ಲ, ಒಂದೇ ಅಳತೆಯನ್ನು ನೆಚ್ಚಿ ಕೂರಬಾರದು ಎಂಬ ಮಾತಿಗೆ ಬಲ ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರಯೋಗಶಾಲೆಯಲ್ಲಿ ಬದಲಾವಣೆ ಕಾಣಲಿಲ್ಲ ಎಂದ ಮಾತ್ರಕ್ಕೆ ಆ ಜಾಗ ನಿಷ್ಪ್ರಯೋಜಕ ಎನ್ನಬಹುದೇ? ಒಂದು ಜೀನಿಗೆ ಹಲವು ನಿಯಂತ್ರಕ ತಾಣಗಳಿರುತ್ತವೆ. ಒಂದನ್ನು ತೆಗೆದರೆ ಇನ್ನೊಂದು ಆ ಕೊರತೆ ತುಂಬಬಹುದು. ಇವತ್ತು ಸುಮ್ಮನಿರುವ ತಾಣ ನಾಳೆ ಗರ್ಭಾವಸ್ಥೆಯಲ್ಲೋ ಸೋಂಕಿನಲ್ಲೋ ಎಚ್ಚರಗೊಳ್ಳಬಹುದು. ಪ್ರೋಟೀನನ್ನು ಪೂರ್ತಿ ತೆಗೆಯದೆ ತಗ್ಗಿಸಿದಾಗ ಉಳಿದ ಸ್ವಲ್ಪವೇ ಕೆಲಸಕ್ಕೆ ಸಾಕಾಗಿರಬಹುದು. ಇವೆಲ್ಲ ನಿಜ, ಷಿಕಾಗೊ ಅಧ್ಯಯನದ ಮೇಲೂ ಈ ಎಚ್ಚರಿಕೆಗಳು ಅನ್ವಯಿಸುತ್ತವೆ. ಆದರೆ ಈ ಪ್ರತಿಯೊಂದು ಸಾಧ್ಯತೆಯನ್ನೂ ಪರೀಕ್ಷಿಸಿ ನೋಡಬಹುದು: ಎರಡು ತಾಣಗಳನ್ನು ಒಟ್ಟಿಗೆ ಕೆಡಿಸಿ, ಬೇರೆ ಕೋಶದಲ್ಲಿ, ಬೇರೆ ಸಂದರ್ಭದಲ್ಲಿ ಅಳೆದು. ಪರೀಕ್ಷೆಯಾಗುವ ತನಕ ಅವು ಸಾಧ್ಯತೆಗಳಷ್ಟೇ. ಕೆಲಸವಿದೆ ಎನ್ನುವವರ ಮೇಲೆ ತೋರಿಸುವ ಹೊಣೆಯಿದೆ. ಇಲ್ಲ ಎಂದು ಸಾಧಿಸುವ ಹೊಣೆಯನ್ನು ಅನುಮಾನಿಸುವವರ ತಲೆಗೆ ಕಟ್ಟಿದರೆ ವಿಜ್ಞಾನ ಮುಂದೆ ಸಾಗದು.

ಮೂರನೆಯ ಆಕ್ಷೇಪ: ಒಂದೇ ಒಂದು ತಾಣವನ್ನು ತಿದ್ದಿ ರೋಗ ವಾಸಿಮಾಡಿದ ಉದಾಹರಣೆ ಇದೆಯಲ್ಲ? ಇದೆ, ಮತ್ತು ಅದು ಈ ವಾದದ ಅತ್ಯುತ್ತಮ ಸಾಕ್ಷಿ. ಥಲಸ್ಸೇಮಿಯಾ ಮಕ್ಕಳು ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತಕ್ಕಾಗಿ ಆಸ್ಪತ್ರೆಗೆ ಬರುತ್ತಾರೆ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿ ಕುಡಗೋಲು ಕಣ ರೋಗವಿದೆ. ಎರಡೂ ಕಡೆ ಕೆಟ್ಟಿರುವುದು ದೊಡ್ಡವರ ಹಿಮೋಗ್ಲೋಬಿನ್. ಭ್ರೂಣದ ಹಿಮೋಗ್ಲೋಬಿನ್ ಚೆನ್ನಾಗಿಯೇ ಇದ್ದರೂ ಹುಟ್ಟಿದ ಕೆಲವು ತಿಂಗಳಲ್ಲಿ ಬಿಸಿಎಲ್11ಎ ಎಂಬ ನಿಯಂತ್ರಕ ಪ್ರೋಟೀನು ಅದನ್ನು ನಿಲ್ಲಿಸಿಬಿಡುತ್ತದೆ. ಈ ಸುಳಿವು ಸಿಕ್ಕಿದ್ದು ಕೂತ ಜಾಗಗಳ ಪಟ್ಟಿಯಿಂದಲ್ಲ, ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದ ಜನರ ವಂಶವಾಹಿಗಳನ್ನು 2007–08ರಲ್ಲಿ ಹೋಲಿಸಿ ನೋಡಿದಾಗ. 2013ರಲ್ಲಿ ಬಿಸಿಎಲ್11ಎ ಜೀನಿನೊಳಗೆ ಕೆಂಪು ರಕ್ತಕೋಶಗಳಲ್ಲಿ ಮಾತ್ರ ಕೆಲಸ ಮಾಡುವ ಒಂದು ತಾಣ ಗೊತ್ತಾಯಿತು. 2015ರಲ್ಲಿ ಆ ತಾಣವನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಉದ್ದಕ್ಕೂ ಕತ್ತರಿಸುತ್ತಾ ಹೋಗಿ, ಗಾಟಾ1 ಎಂಬ ಇನ್ನೊಂದು ನಿಯಂತ್ರಕ ಕೂರುವ ಪದವನ್ನು ಕೆಡಿಸಿದರೆ ಸಾಕು ಎಂದು ಕಂಡುಕೊಂಡರು. ಗಾಟಾ1 ಕೂರಬಹುದಾದ ಪದಗಳು ಜೀನೋಮಿನಲ್ಲಿ ಲಕ್ಷಾಂತರ, ನಿಜವಾಗಿ ಕೂರುವುದು ಅವುಗಳಲ್ಲಿ ಶೇ 1ಕ್ಕೂ ಕಡಿಮೆ. ಆ ಸಾವಿರಾರರಲ್ಲಿ ಚಿಕಿತ್ಸೆಗೆ ಒದಗಿದ ಒಂದನ್ನು ಆರಿಸಿಕೊಟ್ಟದ್ದು ಕೆಡಿಸಿ ನೋಡುವ ಪ್ರಯೋಗ. ಅದರಿಂದ ಹುಟ್ಟಿದ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಆಗ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. ಅಂದಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿ ದಾಟುವ ಈ ಚಿಕಿತ್ಸೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಸದ್ಯಕ್ಕೆ ತಲುಪುವಂಥದ್ದಲ್ಲ.

ಇಷ್ಟು ದೂರದ ವಿಜ್ಞಾನದಿಂದ ನಮ್ಮ ಬಡಾವಣೆಗಳಿಗೆ ಆಗುವ ಉಪಯೋಗ ಎರಡು. ಮೊದಲನೆಯದು, ನಿಮ್ಮ ಡಿಎನ್‌ಎಯಲ್ಲಿ ಇಂಥ ನಿಯಂತ್ರಕ ತಾಣದಲ್ಲಿ ಇಂಥ ಬದಲಾವಣೆ ಇದೆ, ಆದ್ದರಿಂದ ಇಂಥ ಆಹಾರ, ಇಂಥ ವ್ಯಾಯಾಮ ಎಂದು ಹೇಳುವ ಜೀನ್ ಟೆಸ್ಟ್ ಜಾಹೀರಾತುಗಳನ್ನು ತೂಗಿ ನೋಡುವ ಅಳತೆಗೋಲು ಕೈಗೆ ಸಿಗುತ್ತದೆ. ಆ ಬದಲಾವಣೆಯಿಂದ ಯಾವ ಕೋಶದಲ್ಲಿ, ಯಾವ ಜೀನಿನ ನಕಲು, ಎಷ್ಟು ಬದಲಾಗುತ್ತದೆ ಎಂದು ತೋರಿಸಿದ್ದಾರೆಯೇ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಹಣ ಜೇಬಿನಲ್ಲೇ ಇರಲಿ. ಎರಡನೆಯದು ಹೆಚ್ಚು ತುರ್ತಿನದು. ಇ.ಆರ್. ಸೂಕ್ಷ್ಮವಾದ ಪ್ರೋಟೀನು. ಗಡ್ಡೆಯ ತುಣುಕನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು ಎಂಬುದು ಮಾರ್ಗಸೂಚಿ. ತುಣುಕು ಹೊರಗೇ ಉಳಿದರೆ ಇದ್ದ ರಿಸೆಪ್ಟರ್ ಕೂಡ ಪರೀಕ್ಷೆಗೆ ಸಿಗದೆ ಹೋಗಬಹುದು. ಆಗ ನೆಗೆಟಿವ್ ಎಂಬ ತಪ್ಪು ರಿಪೋರ್ಟ್ ಬಂದು, ಕೆಲವೇ ರೂಪಾಯಿಯ ಮಾತ್ರೆಯಿಂದ ಸಿಗಬಹುದಾಗಿದ್ದ ವರ್ಷಗಳು ಕೈತಪ್ಪುತ್ತವೆ. ಇಲ್ಲ ಎಂಬ ಉತ್ತರಕ್ಕೆ ತೂಕ ಹೆಚ್ಚು ಎಂದ ಮೇಲೆ ಆ ಉತ್ತರ ಸರಿಯಾಗಿರುವಂತೆ ನೋಡಿಕೊಳ್ಳುವ ಹೊಣೆಯೂ ಹೆಚ್ಚು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಈ ರಿಪೋರ್ಟ್ ಬಂದರೆ ಪಾಸಿಟಿವ್, ನೆಗೆಟಿವ್ ಎಂಬ ಪದಕ್ಕೆ ನಿಲ್ಲಬೇಡಿ. ಇ.ಆರ್., ಪಿ.ಆರ್. ಎರಡರದೂ ಶೇಕಡಾವಾರು ಎಷ್ಟು, ಬಣ್ಣದ ಗಾಢತೆ ಎಷ್ಟು, ತುಣುಕನ್ನು ಫಾರ್ಮಲಿನ್‌ಗೆ ಹಾಕಿದ್ದು ಯಾವಾಗ ಎಂದು ಕೇಳಿ. ಶೇ 10ಕ್ಕಿಂತ ಕಡಿಮೆ ಬಂದಿದ್ದರೆ, ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕೇ ಎಂದು ಆಂಕೊಲಜಿಸ್ಟ್ ಬಳಿ ಚರ್ಚಿಸಿ. ಮಾತ್ರೆ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.